ಪಾಪದ ಪಾಪ್

ಪಾಪ್ ಸತ್ತುಹೋಯಿತು, ಐಮ್ಯಾಪ್ ಹಾಕಿಕೊಳ್ಳಿ: ಈಮೇಲ್ ಬಗ್ಗೆ ಬರೆಯುವವರೆಲ್ಲ ಒಬ್ಬರ ಬಾಯಿಂದ ಒಬ್ಬರು ಇಸಿದುಕೊಂಡು ಪಠಿಸುವ ಮಂತ್ರವಿದು. ಸರ್ವರಿನಿಂದ ಪತ್ರವನ್ನು ನಮ್ಮ ಯಂತ್ರಕ್ಕೆ ಇಳಿಸಿಕೊಳ್ಳುವ ವಿಧಾನ ಪಾಪ್; ಪತ್ರವನ್ನು ಸರ್ವರಿನಲ್ಲೇ ಇಟ್ಟು ಎಲ್ಲ ಯಂತ್ರಗಳಿಂದ ನೋಡುವ ವಿಧಾನ ಐಮ್ಯಾಪ್. 1984ರ ಪಾಪ್ ಮುದುಕನಂತೆ, ಐಮ್ಯಾಪ್ ಹೊಸಬನಂತೆ. ಮಾರ್ಕ್ ಕ್ರಿಸ್ಪಿನ್ ಸ್ಟ್ಯಾನ್‌ಫರ್ಡ್‌ನಲ್ಲಿ ಐಮ್ಯಾಪ್ ರೂಪಿಸಿದ್ದು 1986ರಲ್ಲಿ. ಇಬ್ಬರಿಗೂ ಎರಡೇ ವರ್ಷದ ಅಂತರ. ಜಿಮೇಲ್ ಕೂಡ 2004ರಲ್ಲಿ ಮೊದಲು ಕೊಟ್ಟದ್ದು ಪಾಪ್. ಐಮ್ಯಾಪ್‌ಗೆ 2007ರವರೆಗೆ ಕಾಯಬೇಕಾಯಿತು.

ಪಾಪ್‌ನ ಮೂರನೆಯ ಆವೃತ್ತಿ ಪಾಪ್‌3ರ ಈಗಿನ ನಿಯಮಪಠ್ಯ 1996ರದ್ದು, ‘ಆರ್‌ಎಫ್‌ಸಿ’ ಎಂಬ ಅಂತರ್ಜಾಲ ದಾಖಲೆಗಳ ಸಾಲಿನಲ್ಲಿ 1939ನೇ ಸಂಖ್ಯೆಯದು. ಬಯ್ಯುವವರು ಅದನ್ನು ಓದಿದ್ದಾರೆಯೇ? ಅಳಿಸುವ ಭಾಗವನ್ನಷ್ಟೇ ನೋಡಿ. ‘ಡಿಲೀಟ್’ ಆಜ್ಞೆ ಬಂದೊಡನೆ ಸರ್ವರ್ ಪತ್ರವನ್ನು ಅಳಿಸುವುದಿಲ್ಲ, ಗುರುತು ಹಾಕಿಕೊಳ್ಳುತ್ತದೆ. ‘ಕ್ವಿಟ್’ ಹೇಳಿ ಹೊರಟ ಮೇಲೆಯೇ ಅಳಿಸುವುದು. ನಡುವೆ ಕರೆಂಟು ಹೋಯಿತೋ, ಲೈನು ಕಡಿಯಿತೋ, ಒಂದು ಪತ್ರವನ್ನೂ ತೆಗೆಯಕೂಡದು. ‘ಹೋಗಿ ಬರ್ತೀನಿ’ ಎನ್ನದೆ ಎದ್ದುಹೋದವನ ಲೆಕ್ಕ ಇನ್ನೂ ಚುಕ್ತಾ ಆಗಿಲ್ಲ ಎಂದೇ ಅರ್ಥ. ಮನಸ್ಸು ಬದಲಾದರೆ ‘ರೀಸೆಟ್’ ಎಂದರಾಯಿತು, ಹಾಕಿದ ಗುರುತೆಲ್ಲ ಅಳಿಯುತ್ತದೆ. ಲೈನು ಕಡಿಯುವುದನ್ನು ಕಂಡುಂಡವರು ಬರೆದ ಮಾತು ಇದು.

ಐಮ್ಯಾಪ್‌ನಲ್ಲೂ ಗುರುತು ಮೊದಲು, ‘ಎಕ್ಸ್‌ಪಂಜ್’ ಆಮೇಲೆ. ಒಪ್ಪಿದೆ. ಆದರೆ ಅಳಿಸಿದ್ದು ಒಂದು ಕಡೆ, ಹೋಗುವುದು ಎಲ್ಲ ಕಡೆ. ಕೊಯಮತ್ತೂರಿನ ಕುರಿಚಿಯ ಸಿಡ್ಕೊ ಕೈಗಾರಿಕಾ ಎಸ್ಟೇಟಿನಂಥ ಕಡೆ ಪಂಪಿನ ಬಿಡಿಭಾಗ ಮಾಡುವ ಸಣ್ಣ ವರ್ಕ್‌ಶಾಪಿಗೆ ಆರ್ಡರು, ಡ್ರಾಯಿಂಗು ಬರುವುದು ಮೇಲ್‌ನಲ್ಲಿ. ಫೋನಿನಲ್ಲಿ ಜಾಗವಿಲ್ಲವೆಂದು ಮಗ ಹಳೆಯದನ್ನೆಲ್ಲ ಗುಡಿಸಿಹಾಕಿದರೆ ಅಪ್ಪನ ಮೇಜಿನ ಕಂಪ್ಯೂಟರಿನಲ್ಲೂ ಡ್ರಾಯಿಂಗು ಮಾಯ. ಅಪ್ಪ ಪಾಪ್‌ನಲ್ಲಿ ಇಳಿಸಿಟ್ಟುಕೊಂಡಿದ್ದರೆ ಅವನ ಪ್ರತಿ ಅವನ ಬಳಿಯೇ ಇರುತ್ತಿತ್ತು. ಎಲ್ಲ ಕಡೆ ಒಂದೇ ಕಾಣಿಸುವುದನ್ನು ಕಾಪಿಡುವುದು ಎಂದು ಕರೆದವರೇ ನನ್ನ ತಕರಾರಿಗೆ ಗುರಿ.

ಪಾಪ್‌ಗೂ ಕೊರತೆಗಳಿವೆ. ಓದಿದ್ದು ಯಾವುದು, ಓದದ್ದು ಯಾವುದು ಅದಕ್ಕೆ ಗೊತ್ತಾಗದು. ಕಳಿಸಿದ ಪತ್ರ ಇನ್ನೊಂದು ಯಂತ್ರಕ್ಕೆ ಬಾರದು. ಡಿಸ್ಕ್ ಕೆಟ್ಟರೆ ಗೋವಿಂದ. ಇರಲಿ.

ಹಾಗಾಗಿ ಎರಡನ್ನೂ ಬಳಸಿ: ಫೋನಿಗೆ ಐಮ್ಯಾಪ್ ಇಟ್ಟುಕೊಳ್ಳಿ. ಆಫೀಸಿನ ಒಂದು ಕಂಪ್ಯೂಟರಿಗೆ ಮಾತ್ರ ಪಾಪ್ ಹಾಕಿ, ಸರ್ವರಿನಲ್ಲೂ ಪ್ರತಿ ಉಳಿಸುವ ಚೌಕಕ್ಕೆ ಟಿಕ್ ಮಾಡಿ, ತಿಂಗಳಿಗೊಮ್ಮೆ ಆ ಕಡತವನ್ನು ಬೇರೊಂದು ಡಿಸ್ಕಿಗೆ ಇಳಿಸಿ. ಪಾಪ್‌ನ ಸುರಕ್ಷಿತ ಸಂಪರ್ಕದ ಪೋರ್ಟ್ ಸಂಖ್ಯೆ 995.