ವಿಕೆಟ್ಟಿಗೆ ಮೊದಲಿನ ಐದು ಎಸೆತ

ಸುಗ್ಗಿ ಮುಗಿದು ಎರಿಹೊಲ ಖಾಲಿಯಾದರೆ ಸಿಂಗಟಾಲೂರು, ಹಮ್ಮಿಗಿ, ಮುಂಡರಗಿ ಸೀಮೆಯ ಹುಡುಗರು ಬಯಲು ಹುಡುಕಿ ಟೆನಿಸ್ ಬಾಲಿನ ಟೂರ್ನಿ ಇಡುತ್ತಾರೆ. ಅಲ್ಲಿ ಜನ ಕಾಯುವುದು ಎರಡಕ್ಕೆ: ಸಿಕ್ಸರಿಗೆ ಮತ್ತು ಸ್ಟಂಪ್ ಹಾರಿಸುವ ವೇಗದ ಬೌಲರಿಗೆ. ಎಡಗೈ ಸ್ಪಿನ್ನರ್ ಚೆಂಡು ಹಿಡಿದರೆ ಎಷ್ಟೋ ಮಂದಿ ಚಹಾ ಕುಡಿಯಲು ಏಳುತ್ತಾರೆ. ಹಾಗೆ ಏಳುವವರನ್ನು ಇನ್ನೊಂದು ಓವರ್ ಕೂಡ್ರಿಸಬೇಕೆಂಬ ಆಸೆಯಿಂದ ಇದನ್ನು ಬರೆಯುತ್ತಿದ್ದೇನೆ. ಕ್ರಿಕೆಟ್ಟಿನಲ್ಲಿ ನೋಡಲು ಕಲಿಯಬೇಕಾದ ಕಲೆ ಯಾವುದಾದರೂ ಇದ್ದರೆ ಅದು ಎಡಗೈ ಸ್ಪಿನ್. ಅದನ್ನು ಕಲಿಯಲು ಪಠ್ಯ ಹುಡುಕಿಕೊಂಡು ದೂರ ಹೋಗಬೇಕಿಲ್ಲ. ನಮ್ಮ ಗದಗಿನ ಸುನಿಲ್ ಜೋಶಿಯವರ ಆಟವೇ ಸಾಕು.

ಮೊದಲು ಕಣ್ಣನ್ನು ಎಲ್ಲಿಡಬೇಕು? ಹೊಸಬರು ಚೆಂಡು ನೆಲಕ್ಕೆ ಬೀಳುವ ಜಾಗ ನೋಡುತ್ತಾರೆ. ಅದು ತಡವಾಯಿತು. ಅರ್ಧ ಕತೆ ಗಾಳಿಯಲ್ಲೇ ನಡೆದುಹೋಗಿರುತ್ತದೆ. ಎಡಗೈಯವನು ಚೆಂಡಿನ ಹೊಲಿಗೆಗೆ ಅಡ್ಡಲಾಗಿ ಬೆರಳಿಟ್ಟು, ಕೀಲಿ ತಿರುವಿದ ಹಾಗೆ ಅದನ್ನು ತಿರುವಿ ಬಿಡುತ್ತಾನೆ. ತಿರುವು ಬಲವಾಗಿದ್ದರೆ ಚೆಂಡು ಬ್ಯಾಟ್ಸ್‌ಮನ್ನನ ಕಣ್ಣಿನ ಎತ್ತರ ದಾಟಿ ಮೇಲೇರಿ, ಕೊನೆಯ ಗಳಿಗೆಯಲ್ಲಿ ದಿಢೀರನೆ ಕುಸಿಯುತ್ತದೆ. ಕೈಗೆಟುಕುತ್ತದೆ ಎಂದು ಮುಂದೆ ಕಾಲಿಟ್ಟವನಿಗೆ ಒಂದು ಗೇಣು ಕಡಿಮೆ ಬೀಳುತ್ತದೆ. ಆ ಒಂದು ಗೇಣನ್ನು ಕಂಡವನೇ ಸ್ಪಿನ್ನಿನ ರಸಿಕ.

ಇನ್ನು ದಿಕ್ಕು. ಎಡಗೈ ಸ್ಪಿನ್ನರ್ ಸಾಮಾನ್ಯವಾಗಿ ರೌಂಡ್ ದ ವಿಕೆಟ್ ಬಂದು, ಕ್ರೀಸಿನ ಹೊರಗಿನ ಮಗ್ಗುಲಿನಿಂದ ಎಸೆಯುತ್ತಾನೆ. ಬಲಗೈ ಬ್ಯಾಟ್ಸ್‌ಮನ್ನನಿಗೆ ಚೆಂಡು ತನ್ನ ಕಡೆಗೇ ಬರುತ್ತಿರುವಂತೆ ಕಾಣುತ್ತದೆ. ನೆಲಕ್ಕೆ ಬಿದ್ದ ಮೇಲೆ ಅದು ಅವನಿಂದ ದೂರ, ಸ್ಲಿಪ್ಪಿನ ಕಡೆಗೆ ಹೊರಳುತ್ತದೆ. ಒಳಗೆ ಬರುವ ಚೆಂಡಿಗೆಂದು ತೆರೆದ ಬ್ಯಾಟು ಹೊರಗೆ ಹೋಗುವ ಚೆಂಡಿಗೆ ಅಂಚು ಕೊಡುತ್ತದೆ. ಇಷ್ಟು ಪಾಠ ಬ್ಯಾಟ್ಸ್‌ಮನ್ನನಿಗೆ ಚೆನ್ನಾಗಿ ಬಾಯಿಪಾಠವಾದ ಮೇಲೆ ಬೌಲರ್ ಆರ್ಮ್ ಬಾಲ್ ಹಾಕುತ್ತಾನೆ. ಅದು ತಿರುಗುವುದೇ ಇಲ್ಲ, ಕೈ ತೋರಿದ ದಾರಿಯಲ್ಲೇ ನೇರ ಒಳನುಗ್ಗುತ್ತದೆ. ತಿರುವಿಗೆಂದು ಕಾದವನು ಬೌಲ್ಡ್ ಆಗುತ್ತಾನೆ ಅಥವಾ ಎಲ್‌ಬಿಡಬ್ಲ್ಯು.

ಈ ಹೊರಹೋಗುವ ತಿರುವು ಎಂಥ ಆಟಗಾರನನ್ನೂ ಎಷ್ಟು ಕಾಡಬಲ್ಲದು ಎಂಬುದಕ್ಕೆ ಕರ್ನಾಟಕದ ಕ್ರಿಕೆಟ್ಟಿನಲ್ಲೇ ಸಾಕ್ಷಿ ಇದೆ. 1981-82ರ ರಣಜಿ ಸೆಮಿಫೈನಲ್, ಬೆಂಗಳೂರಿನಲ್ಲಿ ಬಾಂಬೆ ವಿರುದ್ಧ. ಕರ್ನಾಟಕದ ಎಡಗೈ ಸ್ಪಿನ್ನರ್ ರಘುರಾಮ್ ಭಟ್ ಅವರ ಚೆಂಡು ತಿರುಗುತ್ತಿದ್ದ ರೀತಿ ಕಂಡು ಸುನಿಲ್ ಗವಾಸ್ಕರ್ ಎರಡನೇ ಇನ್ನಿಂಗ್ಸಿನಲ್ಲಿ ಅವರೆದುರು ಎಡಗೈ ಬ್ಯಾಟ್ಸ್‌ಮನ್ ಆಗಿ ನಿಂತರು. ಎಡಗೈಯಲ್ಲಿ ನಿಂತರೆ ಹೊರಹೋಗುವ ಚೆಂಡು ಒಳಬರುವ ಚೆಂಡಾಗುತ್ತದೆ, ಪ್ಯಾಡು ಒಡ್ಡಿ ತಡೆಯಬಹುದು. ಜಗತ್ತಿನ ಅತ್ಯುತ್ತಮ ಆರಂಭಿಕ ಆಟಗಾರನೊಬ್ಬ ತನ್ನ ಹುಟ್ಟುಗೈಯನ್ನೇ ಬಿಟ್ಟುಕೊಟ್ಟ ಪ್ರಸಂಗ ಅದು. ಎಡಗೈ ಸ್ಪಿನ್ನಿಗೆ ಇದಕ್ಕಿಂತ ದೊಡ್ಡ ಗೌರವ ಸಿಕ್ಕಿದ್ದನ್ನು ನಾನು ಕೇಳಿಲ್ಲ.

ಇದೇ ಪರಂಪರೆಯಲ್ಲಿ ಬಂದವರು ಜೋಶಿ. ಗದಗಿನಲ್ಲಿ 1970ರ ಜೂನ್ 6ರಂದು ಹುಟ್ಟಿದರು. ಶಾಲೆಯ ದಿನಗಳಲ್ಲಿ ನಸುಕಿನಲ್ಲೇ ಎದ್ದು ಹುಬ್ಬಳ್ಳಿಗೆ ಹೋಗಿ, ನೆಟ್ಸ್‌ನಲ್ಲಿ ಬೌಲಿಂಗ್ ಮಾಡಿ, ಶಾಲೆಯ ಗಂಟೆ ಹೊಡೆಯುವಷ್ಟರಲ್ಲಿ ಗದಗಿಗೆ ಮರಳುತ್ತಿದ್ದರು. ಒಂದು ಕಡೆಗೇ ಸುಮಾರು 60 ಕಿಲೋಮೀಟರ್. ಜಿಲ್ಲೆಯ ಹುಡುಗನಿಗೆ ರಾಜ್ಯ ತಂಡದ ಬಾಗಿಲು ಇಂದಿಗೂ ಸುಲಭವಾಗಿ ತೆರೆಯುವುದಿಲ್ಲ. ಆಗಂತೂ ಬೆಂಗಳೂರಿನ ಕ್ಲಬ್ಬುಗಳ ನೆರಳಿಲ್ಲದೆ ಮೇಲೆ ಬಂದವರು ವಿರಳ. 1992-93ರಲ್ಲಿ ಅವರು ಕರ್ನಾಟಕದ ಪರ ಮೊದಲ ರಣಜಿ ಪಂದ್ಯ ಆಡಿದರು. 1995-96ರ ಋತುವಿನಲ್ಲಿ 500ಕ್ಕೂ ಹೆಚ್ಚು ರನ್, 50ಕ್ಕೂ ಹೆಚ್ಚು ವಿಕೆಟ್ ಎರಡನ್ನೂ ಗಳಿಸಿದರು. 1982-83ರ ನಂತರ ಕರ್ನಾಟಕದ ಕೈಗೆ ಸಿಗದಿದ್ದ ರಣಜಿ ಟ್ರೋಫಿ ಆ ವರ್ಷ ಮನೆಗೆ ಬಂತು.

ಆಟಗಾರನ ಏಳಿಗೆ ಒಂದೊಂದು ನಾಡಿನಲ್ಲಿ ಒಂದೊಂದು ಬಗೆ. ಅಮೆರಿಕದಲ್ಲಿ ಅವರದೇ ಫುಟ್ಬಾಲ್ ಇದೆ. ಅದರಲ್ಲಿ ತಂಡವನ್ನು ನಡೆಸುವ, ಚೆಂಡು ಹಂಚುವ ಕ್ವಾರ್ಟರ್‌ಬ್ಯಾಕ್ ಕಾಲೇಜಿನಲ್ಲಿರುವಾಗಲೇ ಲಕ್ಷ ಜನರ ಎದುರು ಆಡುತ್ತಾನೆ. ಓದು ಮುಗಿಯುವಷ್ಟರಲ್ಲಿ ವೃತ್ತಿಪರ ತಂಡಗಳು ಸರದಿಯ ಪ್ರಕಾರ ಹುಡುಗರನ್ನು ಆರಿಸಿಕೊಳ್ಳುತ್ತವೆ. ಆ ಆಯ್ಕೆಯಲ್ಲಿ ಯಾರಿಗೂ ಬೇಡವಾದ ಕರ್ಟ್ ವಾರ್ನರ್ ಕಿರಾಣಿ ಅಂಗಡಿಯಲ್ಲಿ ಸಾಮಾನು ಜೋಡಿಸುತ್ತ, ಸಣ್ಣ ಲೀಗುಗಳಲ್ಲಿ ಆಡುತ್ತ ಕಾದು, 2000ದ ಜನವರಿಯಲ್ಲಿ ಆ ಆಟದ ಅಂತಿಮ ಪಂದ್ಯವಾದ ಸೂಪರ್ ಬೌಲ್ ಗೆದ್ದು ಆ ಪಂದ್ಯದ ಶ್ರೇಷ್ಠ ಆಟಗಾರನಾದ. ಹೀಗೆ ತಡವಾಗಿ ಅರಳುವವರ ಸಾಲಿಗೇ ಜೋಶಿಯವರೂ ಸೇರುತ್ತಾರೆ. ಅವರು ಭಾರತದ ಟೆಸ್ಟ್ ಟೋಪಿ ಧರಿಸಿದ್ದು 26ನೇ ಹುಟ್ಟುಹಬ್ಬದ ದಿನ: 1996ರ ಜೂನ್ 6, ಬರ್ಮಿಂಗ್‌ಹ್ಯಾಮ್. ಬೆರಳಿಗೆ ಪೆಟ್ಟಾಗಿ ಆ ಟೆಸ್ಟಿನಲ್ಲಿ ಅವರಿಗೆ ಒಂದು ಓವರ್ ಕೂಡ ಹಾಕಲಾಗಲಿಲ್ಲ. ಸ್ಪಿನ್ನರಿಗೆ ಬೆರಳೇ ಬಂಡವಾಳ. ಅಷ್ಟು ವರ್ಷ ಕಾದು ಪಡೆದ ಅವಕಾಶದಲ್ಲಿ ಬೆರಳೇ ಕೈಕೊಟ್ಟದ್ದು ನೆನೆದರೆ ಈಗಲೂ ಸಂಕಟವಾಗುತ್ತದೆ.

ಈಗ ಪಠ್ಯದ ಮುಖ್ಯ ಅಧ್ಯಾಯ. 1999ರ ಸೆಪ್ಟೆಂಬರ್ 26, ನೈರೋಬಿಯ ಜಿಮ್ಖಾನಾ ಮೈದಾನ, ಎದುರಾಳಿ ದಕ್ಷಿಣ ಆಫ್ರಿಕಾ. ಜೋಶಿಯವರ ಲೆಕ್ಕ: 10 ಓವರ್, 6 ಮೇಡನ್, 6 ರನ್, 5 ವಿಕೆಟ್. ಗಿಬ್ಸ್, ಕ್ರೋನ್ಯೆ, ಜಾಂಟಿ ರೋಡ್ಸ್ ಅವರಂಥ ಆಟಗಾರರೆಲ್ಲ ಆ ಐದರಲ್ಲಿದ್ದರು. ತಂಡ 117ಕ್ಕೆ ಆಲೌಟ್. ಹೊಸಬರು ಈ ಸಾಲಿನಲ್ಲಿ ಐದು ವಿಕೆಟ್ ನೋಡಿ ಮೆಚ್ಚುತ್ತಾರೆ. ನೀವು ಆ ಆರು ಮೇಡನ್ ನೋಡಿ. ಅವುಗಳಲ್ಲಿ 36 ಎಸೆತಗಳಿಗೆ ಒಂದು ರನ್ನೂ ಇಲ್ಲ, ಅದೂ ಒಂದು ದಿನದ ಪಂದ್ಯದಲ್ಲಿ. ರನ್ ಬರದಿದ್ದರೆ ಬ್ಯಾಟ್ಸ್‌ಮನ್ನನ ಒಳಗೆ ಗಡಿಯಾರ ಓಡತೊಡಗುತ್ತದೆ. ಎದುರು ತುದಿಗೆ ಹೋಗಲು ಒಂದು ರನ್ ಸಾಕು, ಅದೂ ಸಿಗುವುದಿಲ್ಲ. ಮೂರನೇ ಚೆಂಡಿಗೆ ಅವನ ಕಾಲು ತಡವರಿಸುತ್ತದೆ, ನಾಲ್ಕನೆಯದಕ್ಕೆ ಕಣ್ಣು ಫೀಲ್ಡರುಗಳ ನಡುವಿನ ಸಂದು ಹುಡುಕುತ್ತದೆ, ಐದನೆಯದನ್ನು ಒಲ್ಲದ ಮನಸ್ಸಿನಿಂದ ತಡೆಯುತ್ತಾನೆ. ಆರನೆಯದು ಒಂಚೂರು ನಿಧಾನ, ಒಂಚೂರು ಮೇಲೆ. ಅವನು ಮುಂದೆ ನುಗ್ಗುತ್ತಾನೆ. ವಿಕೆಟ್ ಬೀಳುವುದು ಆರನೆಯ ಚೆಂಡಿಗಾದರೂ ಅದನ್ನು ಕೆಡವಿದ್ದು ಹಿಂದಿನ ಐದು. ಎಲ್ಲ ಓವರೂ ಹೀಗೇ ನಡೆಯುತ್ತದೆ ಎಂದಲ್ಲ, ಆದರೆ ಎಡಗೈ ಸ್ಪಿನ್ನಿನ ತರ್ಕ ಇದೇ. ಸ್ಪಿನ್ನರನ್ನು ಎಸೆತದ ಲೆಕ್ಕದಲ್ಲಿ ನೋಡಬೇಡಿ, ಓವರಿನ ಲೆಕ್ಕದಲ್ಲಿ ನೋಡಿ.

ಮರುವರ್ಷ, 2000ದ ನವೆಂಬರಿನಲ್ಲಿ, ಢಾಕಾದಲ್ಲಿ ಬಾಂಗ್ಲಾದೇಶದ ಚೊಚ್ಚಲ ಟೆಸ್ಟ್. ಸೌರವ್ ಗಂಗೂಲಿಯವರಿಗೂ ನಾಯಕನಾಗಿ ಮೊದಲ ಟೆಸ್ಟ್. ಆತಿಥೇಯರು 400 ರನ್ ಪೇರಿಸಿದರು. ಜೋಶಿಯವರಿಗೆ 5 ವಿಕೆಟ್, ಬಿಟ್ಟುಕೊಟ್ಟದ್ದು 142 ರನ್. ನೈರೋಬಿಯ ಆರು ರನ್ನಿನ ಪಕ್ಕದಲ್ಲಿ ಈ 142 ಬಡವಾಗಿ ಕಾಣಬಹುದು, ಆದರೆ ಎದುರಾಳಿ ಚೆನ್ನಾಗಿ ಆಡುತ್ತಿರುವಾಗಲೂ ಚೆಂಡನ್ನು ಗಾಳಿಯಲ್ಲಿ ತೇಲಿಸುವುದನ್ನು ಬಿಡದೆ ಎಸೆಯುತ್ತಲೇ ಇರುವುದು ಬೇರೆಯೇ ಗಟ್ಟಿತನ ಬೇಡುತ್ತದೆ. ಬಳಿಕ ಬ್ಯಾಟು ಹಿಡಿದು 92 ಹೊಡೆದರು, ಎರಡನೇ ಇನ್ನಿಂಗ್ಸಿನಲ್ಲಿ ಇನ್ನೂ 3 ವಿಕೆಟ್ ತೆಗೆದರು. ಬಾಂಗ್ಲಾ 91ಕ್ಕೆ ಕುಸಿಯಿತು, ಪಂದ್ಯಶ್ರೇಷ್ಠ ಜೋಶಿ.

ಅವರು ಆಡಿದ್ದು 15 ಟೆಸ್ಟ್, 41 ವಿಕೆಟ್. ಏಕದಿನದಲ್ಲಿ 69 ಪಂದ್ಯ, 69 ವಿಕೆಟ್. ಇದು ಕಡಿಮೆಯಾಯಿತು ಎಂದೇ ನನ್ನ ಅಭಿಪ್ರಾಯ. ಅನಿಲ್ ಕುಂಬ್ಳೆಯವರ ಜೊತೆಗೆ ಎರಡನೇ ಸ್ಪಿನ್ನರಿನ ಒಂದೇ ಜಾಗ, ಅದಕ್ಕೆ ವೆಂಕಟಪತಿ ರಾಜು, ನೀಲೇಶ್ ಕುಲಕರ್ಣಿ ಸರತಿಯಲ್ಲಿದ್ದರು. 2001ರಲ್ಲಿ ಹರ್ಭಜನ್ ಸಿಂಗ್ ಎದ್ದು ಬಂದ ಮೇಲೆ ಆ ಜಾಗವೂ ತುಂಬಿತು. ಪ್ರಥಮ ದರ್ಜೆಯಲ್ಲಿ ಮಾತ್ರ ಅವರ ಹೆಸರಿನಲ್ಲಿ 615 ವಿಕೆಟ್, 5000ಕ್ಕೂ ಮೀರಿದ ರನ್ ಇದೆ. ಅವರನ್ನು ಅಳೆಯಬೇಕಾದದ್ದು ಅಲ್ಲಿ. 2008ರಲ್ಲಿ ಐಪಿಎಲ್ ಶುರುವಾದಾಗ 38ರ ಹೊಸ್ತಿಲಲ್ಲಿದ್ದ ಅವರು ಬೆಂಗಳೂರು ತಂಡ ಸೇರಿದರು. ಒಬ್ಬನಿಗೆ ನಾಲ್ಕೇ ಓವರ್ ಸಿಗುವ ಆ ಆಟ ಇಂಥ ಬೌಲರಿಗೆ ಹೇಳಿ ಮಾಡಿಸಿದ್ದಲ್ಲ. ಬಲೆ ಹರಡುವಷ್ಟರಲ್ಲಿ ಓವರ್ ಮುಗಿದಿರುತ್ತದೆ.

ಮುಂದೆ ಅವರು ಕೋಚ್ ಆದರು. ಬಿಷನ್ ಸಿಂಗ್ ಬೇಡಿ ಕಲಿಸಿಹೋಗಿದ್ದ ಜಮ್ಮು ಕಾಶ್ಮೀರ ತಂಡ ಜೋಶಿಯವರ ಕೈಯಲ್ಲಿದ್ದಾಗ, 2014ರ ಡಿಸೆಂಬರಿನಲ್ಲಿ ವಾಂಖೆಡೆಯಲ್ಲೇ ಮುಂಬೈಯನ್ನು ಸೋಲಿಸಿತು. 2017ರಿಂದ ಅವರು ಬಾಂಗ್ಲಾದೇಶದ ಸ್ಪಿನ್ನರುಗಳಿಗೆ ಮಾರ್ಗದರ್ಶಕರಾದರು, 2020ರಲ್ಲಿ ಭಾರತ ತಂಡದ ಆಯ್ಕೆ ಸಮಿತಿಯ ಮುಖ್ಯಸ್ಥರಾದರು.

ಇಷ್ಟು ಓದಿದ ಮೇಲೆ ಮೈದಾನಕ್ಕೆ ಹೋಗಿ. ಹುಬ್ಬಳ್ಳಿಯ ರಾಜನಗರ ಮೈದಾನದಲ್ಲಿ ಆಗಾಗ ರಣಜಿ ಪಂದ್ಯ ನಡೆಯುತ್ತದೆ. ಮುಂಡರಗಿಯಿಂದ ಮುಂಜಾನೆ ಬಸ್ ಹತ್ತಿದರೆ ಆಟಕ್ಕೆ ಸಿಗುತ್ತೀರಿ. ಮಗ್ಗುಲಲ್ಲಿ ಕೂಡ್ರಬೇಡಿ. ಬೌಲರಿನ ಬೆನ್ನ ಹಿಂದೆ, ಆದಷ್ಟು ಸೈಟ್‌ಸ್ಕ್ರೀನಿನ ಹತ್ತಿರ ಜಾಗ ಹಿಡಿಯಿರಿ. ಅಲ್ಲಿಂದ ಮಾತ್ರ ಚೆಂಡು ಒಳಗೆ ತೇಲಿ ಹೊರಗೆ ಹೊರಳುವುದು ಕಾಣುತ್ತದೆ. ಎಡಗೈಯವನು ಬಂದಾಗ ಮೊದಲು ಫೀಲ್ಡಿಂಗ್ ಗಮನಿಸಿ: ಸ್ಲಿಪ್ ಇದ್ದಾನೆಯೇ, ಬ್ಯಾಟಿನ ಹತ್ತಿರ ಎಷ್ಟು ಜನ, ಕವರ್ ತೆರೆದಿಟ್ಟಿದ್ದಾರೆಯೇ. ಕವರ್ ತೆರೆದಿದ್ದರೆ ಅದು ಆಮಿಷ, ಬ್ಯಾಟ್ಸ್‌ಮನ್ ಹೊರಹೋಗುವ ಚೆಂಡಿಗೆ ಕೈ ಚಾಚಿ ಹೊಡೆಯಲಿ ಎಂದು ಬಿಟ್ಟದ್ದು. ಆಮೇಲೆ ಬ್ಯಾಟ್ಸ್‌ಮನ್ನನ ಕಾಲು ನೋಡಿ. ಮುಂದೆ ಪೂರ್ತಿ ಬರುತ್ತಿದ್ದಾನೆಯೇ, ಹಿಂದೆ ಪೂರ್ತಿ ಹೋಗುತ್ತಿದ್ದಾನೆಯೇ, ನಡುವೆ ಸಿಕ್ಕಿಬಿದ್ದಿದ್ದಾನೆಯೇ? ನಡುವೆ ನಿಂತಿದ್ದರೆ ಬೌಲರ್ ಗೆಲ್ಲುತ್ತಿದ್ದಾನೆ, ಸ್ಕೋರ್‌ಬೋರ್ಡ್ ಏನೇ ಹೇಳಲಿ. ವಿಕೆಟ್ ಕೀಪರಿನ ಕೈ ಮೇಲೂ ಒಂದು ಕಣ್ಣಿರಲಿ, ಚೆಂಡು ಎಷ್ಟು ಪುಟಿಯುತ್ತಿದೆ ಎಂದು ಅವನ ಗ್ಲೋವ್ಸಿನ ಎತ್ತರ ಹೇಳುತ್ತದೆ. ಮಧ್ಯಾಹ್ನದ ಊಟದ ನಂತರ, ಪಿಚ್ ಒಣಗಿ ಧೂಳೇಳುವ ಹೊತ್ತಿನಲ್ಲಿ, ಮೇಡನ್ ಮೇಲೆ ಮೇಡನ್ ಬೀಳುತ್ತಿದ್ದರೆ ದಯವಿಟ್ಟು ಎದ್ದು ಹೋಗಬೇಡಿ.