ತವರಿನ ಹಾಡಿಗೆ ಎಷ್ಟು ಅಂಕ?

ಹಾವೇರಿ ಜಿಲ್ಲೆಯ ಕುರಿಗಾಹಿ ಹುಡುಗ ಹನುಮಂತ 2018-19ರ ‘ಸರಿಗಮಪ’ದಲ್ಲಿ ಹಾಡುತ್ತಿದ್ದಾಗ, ಮುದ್ದೇಬಿಹಾಳದ ನಮ್ಮ ಓಣಿಯ ಹೆಣ್ಣುಮಕ್ಕಳು ರೊಟ್ಟಿ ಬಡಿಯುವುದನ್ನು ಬೇಗ ಮುಗಿಸಿ ಟಿವಿ ಮುಂದೆ ಕೂಡುತ್ತಿದ್ದೆವು. ಹಾವೇರಿ ಎಲ್ಲಿ, ನಾವೆಲ್ಲಿ! ಆದರೂ ಆತ ‘ನಮ್ಮ ಕಡೀ ಹುಡುಗ’. ಕೊನೆಗೆ ಕೀರ್ತನ್ ಹೊಳ್ಳ ಗೆದ್ದು ಹನುಮಂತ ಎರಡನೆಯವನಾದಾಗ, ‘ನಮ್ಮ ಮಂದೀಗೆ ಯಾವಾಗ್ಲೂ ಹಿಂಗ ನೋಡ್ರಿ’ ಎನ್ನುತ್ತ ಎದ್ದೆವು. ಗೆದ್ದ ಹುಡುಗ ಹೇಗೆ ಹಾಡಿದ ಎಂದು ಕೇಳಿದ್ದರೆ ನಮ್ಮಲ್ಲಿ ಒಬ್ಬರಿಗೂ ಹೇಳಲು ಬರುತ್ತಿರಲಿಲ್ಲ.

ಈ ಪಕ್ಷಪಾತ ನಮ್ಮದಷ್ಟೇ ಅಲ್ಲ. ಯುರೋಪಿನಲ್ಲಿ 1956ರಲ್ಲಿ ‘ಯುರೋವಿಷನ್’ ಎಂಬ ಹಾಡಿನ ಸ್ಪರ್ಧೆ ಆರಂಭವಾಯಿತು. ದೇಶದೇಶಗಳ ನಡುವಿನ ಸ್ಪರ್ಧೆ ಅದು. ತನ್ನ ದೇಶದ ಹಾಡಿಗೆ ತಾನೇ ಅಂಕ ಕೊಡುವಂತಿಲ್ಲ ಎಂಬ ನಿಯಮ ಮರುವರ್ಷವೇ ಬಂತು. 1997ರಿಂದ ಕೆಲವು ದೇಶಗಳಲ್ಲಿ ಮನೆಯಲ್ಲಿ ಕುಳಿತವರೂ ಫೋನಿನಲ್ಲಿ ಮತ ಹಾಕತೊಡಗಿದರು. ದುಡಿಯಲು ಹೋಗಿ ಜರ್ಮನಿಯಲ್ಲೇ ನೆಲೆಸಿದ ತುರ್ಕಿ ಕುಟುಂಬಗಳು ಬಹಳ. ಜರ್ಮನಿಯ ಅಂಕಗಳು ಮೇಲಿಂದ ಮೇಲೆ ತುರ್ಕಿಯ ಹಾಡಿಗೆ ಹೋದವು. ನಿಯಮವನ್ನು ಯಾರೂ ಮುರಿದಿರಲಿಲ್ಲ. ಅವರ ಮನೆ ಜರ್ಮನಿಯಲ್ಲಿತ್ತು, ಮನಸ್ಸು ತವರಿನಲ್ಲಿತ್ತು, ಅಷ್ಟೇ. ಇಂಥ ಮತಗಳ ಬಗ್ಗೆ ದೂರು ಹೆಚ್ಚಿದ ಮೇಲೆ, 2009ರಿಂದ ಅಂತಿಮ ಸುತ್ತಿನ ಅರ್ಧ ಅಂಕಗಳನ್ನು ಸಂಗೀತ ಬಲ್ಲ ನಿರ್ಣಾಯಕರ ಕೈಗೆ ಮರಳಿಸಿದರು.

ಗಂಡನ ಮನೆಯಲ್ಲಿ ಮೂವತ್ತು ವರ್ಷ ಬಾಳಿದರೂ ತವರೂರಿನ ಬೋರ್ಡಿನ ಬಸ್ಸು ಕಂಡರೆ ತಿರುಗಿ ನೋಡುವವರು ನಾವು. ಆ ತುರ್ಕಿ ಹೆಣ್ಣುಮಕ್ಕಳ ಮನಸ್ಸನ್ನು ನಮಗೆ ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಬಲ್ಲವರನ್ನು ಕೂಡಿಸಿದರೆ ಎಲ್ಲ ಸರಿಹೋಗುವುದೇ? ಇಲ್ಲ ಎನ್ನುವುದಕ್ಕೆ ನಾನೇ ಸಾಕ್ಷಿ.

ಕೆಲವು ವರ್ಷಗಳ ಹಿಂದೆ ಮಕ್ಕಳ ಹಾಡಿನ ಸ್ಪರ್ಧೆಯೊಂದಕ್ಕೆ ನನ್ನನ್ನು ನಿರ್ಣಾಯಕಿಯಾಗಿ ಕರೆದಿದ್ದರು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ನಾಲ್ಕೂ ಕಡೆಯ ಮಕ್ಕಳು ಬಂದಿದ್ದರು. ಇಂಡಿ ನನ್ನ ತವರು. ಅಲ್ಲಿಯ ಹುಡುಗಿ ಬಾಯಿ ತೆರೆಯುವ ಮೊದಲೇ ನನ್ನ ಪೆನ್ನು ಹತ್ತಕ್ಕೆ ಒಂಬತ್ತು ಬರೆದಿತ್ತು. ಸಿಂದಗಿಯ ಹುಡುಗಿಯ ಶ್ರುತಿ ಎಲ್ಲಿಯೂ ಅಲುಗಲಿಲ್ಲ. ಆಕೆಗೆ ಎಂಟು ಕೊಟ್ಟೆ. ಸಂಜೆ ಆಕೆ ಹತ್ತಿರ ಬಂದು, ‘ಅಕ್ಕಾರ, ನಂದು ಎಲ್ಲಿ ತಪ್ಪಾತ್ರಿ?’ ಎಂದು ಕೇಳಿದಳು. ಗೆಲ್ಲಲಿಲ್ಲವೆಂಬ ಸಿಟ್ಟಿರಲಿಲ್ಲ ಆ ಮುಖದಲ್ಲಿ. ತಿದ್ದಿಕೊಳ್ಳುವ ಆಸೆ ಇತ್ತು. ‘ಚಲೋ ಹಾಡೀದಿ ತಂಗಿ’ ಎಂದಷ್ಟೇ ಹೇಳಿ ಬಸ್ಸು ಹಿಡಿದೆ.

ತವರಿನ ಮೇಲಿನ ಪ್ರೀತಿ ತಪ್ಪೆಂದು ನಾನು ಹೇಳಲಾರೆ. ಆದರೆ ಯುರೋವಿಷನ್ನಿನವರ ಆ ಹಳೆಯ ನಿಯಮ ನಮ್ಮ ಸ್ಪರ್ಧೆಗಳಿಗೂ ಬೇಕು. ಹೆಣ್ಣುಮಕ್ಕಳ ಲೆಕ್ಕದಲ್ಲಿ ತವರೂರನ್ನೂ ಅದರಲ್ಲಿ ಸೇರಿಸಬೇಕು. ಈಗ ಯಾರೇ ಕರೆದರೂ ಇಂಡಿಯ ಮಕ್ಕಳಿಗೆ ನಾನು ಅಂಕ ಹಾಕುವುದಿಲ್ಲವೆಂದು ಮೊದಲೇ ಹೇಳಿಬಿಡುತ್ತೇನೆ. ಅವರು ಹಾಡುವಾಗ ಪೆನ್ನು ಕೆಳಗಿಟ್ಟು ಮನಸ್ಸು ತುಂಬ ಕೇಳುತ್ತೇನೆ. ಸಿಂದಗಿಯ ಆ ಹುಡುಗಿಯ ಪ್ರಶ್ನೆಗೆ ಉತ್ತರ ಮಾತ್ರ ಇನ್ನೂ ಬಾಕಿ ಇದೆ.