ಎಪ್ಪತ್ತಮೂರರ ಮೋಹ

2024ರ ಏಪ್ರಿಲ್ 4ರಂದು ರಾಷ್ಟ್ರಪತಿ ದ್ರೌಪದಿ ಮುರ್ಮು ಅವರು ಮುಂಬಯಿಯ ಪವಾಯಿಯ ಐಐಟಿಯಲ್ಲಿ ಲೋಕಾರ್ಪಣೆ ಮಾಡಿದ ನೆಕ್ಸ್‌ಕಾರ್19 ಚಿಕಿತ್ಸೆಯ ಬಗ್ಗೆ ಬಂದ ಬರಹಗಳನ್ನೆಲ್ಲ ಹಿಂಡಿದರೆ ಉಳಿಯುವುದು ಎರಡೇ ಮಾತು: ಸ್ವದೇಶಿ, ಅಗ್ಗ. ರೋಗಿಯ ಟಿ ಕಣಗಳನ್ನು ತೆಗೆದು, ಹೊಸ ಜೀನ್ ಸೇರಿಸಿ, ರಕ್ತದ ಕ್ಯಾನ್ಸರಿನ ಮೇಲೆ ಬಿಡುವ ವಿಧಾನವನ್ನು ಮತ್ತೆ ವಿವರಿಸಬೇಕಿಲ್ಲ.

ನನ್ನ ತಕರಾರು 73 ಎಂಬ ಅಂಕಿಯ ಮೇಲೆ. 2025ರಲ್ಲಿ ಲ್ಯಾನ್ಸೆಟ್ ಹೆಮಟಾಲಜಿಯಲ್ಲಿ ಫಲಿತಾಂಶ ಬಂದಾಗ ಶೀರ್ಷಿಕೆಗಳಲ್ಲಿ ಮೆರೆದದ್ದು ಅದೇ: ಶೇಕಡಾ 73. ನೂರರಲ್ಲಿ 73 ಜನ ಗುಣವಾದರೆಂದೇ ಓದುಗ ತಿಳಿಯುತ್ತಾನೆ. ಪ್ರಯೋಗಕ್ಕೆ ಸೇರಿದವರು 64 ಮಂದಿ. ಪರಿಣಾಮ ಅಳೆಯಲು ಲೆಕ್ಕಕ್ಕೆ ಹಿಡಿದದ್ದು 51 ಮಂದಿಯನ್ನು, ಅವರಲ್ಲಿ ಸ್ಪಂದಿಸಿದವರು 37. ಸೇರಿದವರೆಲ್ಲರ ಮೇಲೆ ಭಾಗಿಸಿದರೆ ಅದು ಸುಮಾರು 58ಕ್ಕೆ ಇಳಿಯುತ್ತದೆ. 51ರ ಮೇಲೆ ಎಣಿಸುವುದು ಸಂಶೋಧಕರ ರೂಢಿಯೇ, ಮೋಸವಲ್ಲ. ಆದರೆ ‘ಸ್ಪಂದನ’ದಲ್ಲಿ ಗಡ್ಡೆ ಭಾಗಶಃ ಕರಗಿದವರೂ ಇರುತ್ತಾರೆ, ಮತ್ತೆ ರೋಗ ಮರುಕಳಿಸುವವರೂ ಇರುತ್ತಾರೆ. ಚಿಕಿತ್ಸೆಯಿಂದಲೇ ಸತ್ತ ಇಬ್ಬರು ಶೀರ್ಷಿಕೆಗೆ ಬರಲೇ ಇಲ್ಲ.

ಇನ್ನು ‘ಅಗ್ಗ’. ಅಮೆರಿಕದಲ್ಲಿ ಇಂಥದೇ ಚಿಕಿತ್ಸೆಯಾದ ಕಿಮ್ರಿಯಾಕ್ಕೆ 4,75,000 ಡಾಲರ್ ಇತ್ತೆಂದು ಇಲ್ಲಿನ ಸುಮಾರು 40 ಲಕ್ಷ ರೂಪಾಯಿಯನ್ನು ಹೊಗಳುವ ವಿಮರ್ಶಕರು ಒಮ್ಮೆ ಮುಂಬಯಿ ಹೊರವಲಯದ ದಿವಾ ಸ್ಟೇಷನ್ನಿಗೆ ಬರಲಿ. ಇಲ್ಲಿಂದ ಪನ್ವೇಲ್ ಗಾಡಿ ಹತ್ತಿ ಖಾರ್ಘರ್‌ನಲ್ಲಿರುವ ಟಾಟಾ ಮೆಮೋರಿಯಲ್‌ನ ಕ್ಯಾನ್ಸರ್ ಕೇಂದ್ರ ಆಕ್ಟ್ರೆಕ್ ಕಡೆ ಹೋಗುವ ಹೋಟೆಲ್ ಕೆಲಸಗಾರನಿಗೆ ಹೋಲಿಕೆ ಡಾಲರಿನೊಂದಿಗಲ್ಲ, ತನ್ನ ಪಗಾರಿನೊಂದಿಗೆ. ಹಾಗೆಂದು ‘ಇದೆಲ್ಲ ಶ್ರೀಮಂತರ ಆಟ’ ಎಂದು ಕೈತೊಳೆದುಕೊಳ್ಳುವ ಇನ್ನೊಂದು ಬಣ ಇದೆಯಲ್ಲ, ಅವರದು ಸೋಮಾರಿತನ. ಕಾರ್ಖಾನೆ ಇಲ್ಲೇ ಇದ್ದರೆ ಬೆಲೆಯ ಬಗ್ಗೆ ಸರಕಾರ ಚೌಕಾಸಿ ಮಾಡಬಹುದು. ಬೆಂಗಳೂರಿನ ಇಮ್ಯುನೀಲ್ ಕಂಪನಿ 2025ರಲ್ಲಿ ಇಂಥದೇ ಚಿಕಿತ್ಸೆಯಾದ ಕಾರ್ಟೆಮಿಯನ್ನು ಮಾರುಕಟ್ಟೆಗೆ ತಂದ ಮೇಲೆ ಆ ಚೌಕಾಸಿಗೆ ಜಾಗ ಇನ್ನಷ್ಟು ಹಿಗ್ಗಿದೆ.

ಯಾರೂ ಮೆಚ್ಚದೆ ಬಿಟ್ಟ ಗುಣ ಬೇರೆಯೇ. ಕಿಮ್ರಿಯಾ ಕ್ಯಾನ್ಸರ್ ಕಣವನ್ನು ಗುರುತಿಸುವುದು ಇಲಿಯ ಪ್ರತಿಕಾಯದ ತುಣುಕಿನಿಂದ. ಐಐಟಿಯ ರಾಹುಲ್ ಪುರ್ವಾರ್ ತಂಡವೂ ಟಾಟಾ ಮೆಮೋರಿಯಲ್ ವೈದ್ಯರೂ ನೆಕ್ಸ್‌ಕಾರ್19ರಲ್ಲಿ ಆ ತುಣುಕನ್ನು ಮಾನವ ಪ್ರೋಟೀನಿಗೆ ಹತ್ತಿರವಾಗುವಂತೆ ತಿದ್ದಿದರು. ಇಂಥ ಚಿಕಿತ್ಸೆಯಲ್ಲಿ ರೋಗಿಯನ್ನು ಐಸಿಯುಗೆ ತಳ್ಳಬಲ್ಲ ಅಡ್ಡಪರಿಣಾಮವಾದ ಸೈಟೊಕೈನ್ ಉಬ್ಬರ ಹೆಚ್ಚಿನವರಲ್ಲಿ ಸೌಮ್ಯವಾಗಿಯೇ ಇತ್ತು. ಐಸಿಯು ಹಾಸಿಗೆಗೇ ಸರದಿ ನಿಲ್ಲುವ ದೇಶದಲ್ಲಿ ಅಗ್ಗಕ್ಕಿಂತ ದೊಡ್ಡ ಸಾಧನೆ ಇದು. ಇನ್ನು ಮುಂದೆ 73 ಎಂದು ಅಚ್ಚು ಹಾಕುವ ಸಂಪಾದಕರು ಪಕ್ಕದಲ್ಲೇ 64 ಎಂದೂ ಹಾಕಲಿ.